ಅಕ್ಕೋರು ತಿಂದ ಪೇಡೆ

ಗಿಣಿಗೇರಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವವರ ಮೂಗಿಗೆ ಬೇರೆ ವಾಸನೆಗಳು ಅಷ್ಟಾಗಿ ಹತ್ತುವುದಿಲ್ಲ. ಕಬ್ಬಿಣದ ಕರಿ ಧೂಳು ಎಲ್ಲವನ್ನೂ ನುಂಗಿಬಿಟ್ಟಿರುತ್ತದೆ. ಆದರೆ ಮೊನ್ನೆ ನಮ್ಮ ವಿದ್ಯುತ್ ವಿಭಾಗದ ಸಹೋದ್ಯೋಗಿಯೊಬ್ಬರು ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದಾಗ ಹುರಿದ ಖೋವಾದ ವಾಸನೆ ನೇರ ಎದೆಗಿಳಿಯಿತು. ಕಂದು ಬಣ್ಣದ ಪೇಡೆ, ಮೇಲೆ ಸಕ್ಕರೆಪುಡಿ.

"ಮಗಳು ಫಸ್ಟ್ ಪಿಯುಸಿ ಪಾಸಾದ್ಳ್ರಿ ಮೇಡಂ, ಸೈನ್ಸು. ತಗೋರಿ, ಬಾಯಿ ಸಿಹಿ ಮಾಡ್ಕೋರಿ" ಅಂದರು.

ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೆ? "ನಂಬರ್ ಸರಿಯಾಗಿ ನೋಡೀರಿಲ್ರಿ?"

ಪಾಪ, ಅವರು ತಬ್ಬಿಬ್ಬಾದರು. ಯಾರಾದರೂ ಹಾಗೆ ಕೇಳುತ್ತಾರೆಯೆ? ಮೊಬೈಲ್ ತೆಗೆದು ಮಗಳ ಹೆಸರು, ಅಂಕ ಎಲ್ಲಾ ತೋರಿಸಿದರು. ನಾನು ನಕ್ಕಂತೆ ಮಾಡಿ, ಒಂದು ಪೇಡೆ ತೆಗೆದು ಕಾಗದದಲ್ಲಿ ಸುತ್ತಿ ಮೇಜಿನ ಮೇಲಿಟ್ಟೆ. ಕಿವಿ ಬಿಸಿಯಾಗಿದ್ದವು. ಪಾಸಿನ ಪೇಡೆ ಅಂದರೆ ಸಾಕು, ಇವತ್ತಿಗೂ ನನಗೆ ಹಾಗಾಗುತ್ತದೆ...

ನಮ್ಮದು ಸಿದ್ದಾಪುರ. ಕಾಲುವೆ ನೀರಿನ ಊರು, ಸುತ್ತ ಎಲ್ಲಿ ನೋಡಿದರೂ ಭತ್ತ. ಅಪ್ಪ ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ತೂಕ ಮಾಡುವ ಕೆಲಸಕ್ಕಿದ್ದ. ತೂಕದವರಿಗೆ ಒಂದು ರೂಢಿ ಇತ್ತು: ಚೀಲದ ಎಣಿಕೆಯನ್ನು ಬಾಲ್ ಪೆನ್ನಿನಿಂದ ಎಡಗೈಯ ಅಂಗೈ ಮೇಲೆ ಬರೆದುಕೊಳ್ಳುವುದು. ಕಾಗದವಾದರೆ ತೌಡಿನ ಧೂಳಿನಲ್ಲಿ ಎಲ್ಲಿ ಬಿತ್ತೋ ಯಾರಿಗೆ ಗೊತ್ತು, ಅಂಗೈ ಎಲ್ಲಿಗೂ ಹೋಗುವುದಿಲ್ಲ ಎಂಬುದು ಅವರ ಲೆಕ್ಕ. ಸಂಜೆ ಅಪ್ಪ ಊಟಕ್ಕೆ ಕೂತಾಗ ಅವನ ಅಂಗೈಯಲ್ಲಿ ನೀಲಿ ಅಂಕಿಗಳು ಇನ್ನೂ ಮಾಸಿರುತ್ತಿರಲಿಲ್ಲ. ಅವ್ವ ಬೈಯುತ್ತಿದ್ದಳು, ಅವನು ನಗುತ್ತಿದ್ದ.

ನಾನು ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ, ಗಂಗಾವತಿಯ ಕಾಲೇಜಿನಲ್ಲಿ ಪಿಯುಸಿ ಸೈನ್ಸಿಗೆ ಸೇರಿದೆ. ನಮ್ಮ ಮನೆತನದಲ್ಲಿ ಸೈನ್ಸ್ ಓದಿದವರು ಯಾರೂ ಇರಲಿಲ್ಲ. ಅಪ್ಪ ಮಿಲ್ಲಿನಲ್ಲಿ, ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರಿಗೆ ಕೂಡ "ನಮ್ಮ ಹುಡುಗಿ ಸೈನ್ಸ್ ಓದಾಕತ್ಯಾಳ್ರಿ" ಎಂದು ಹೇಳುತ್ತಿದ್ದ. ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. ಪಾಠ ಮುಗಿಯುವ ಹೊತ್ತಿಗೆ ನನಗೆ ತಿಳಿದಿರುತ್ತಿದ್ದದ್ದು ಗಂಟೆ ಬಾರಿಸಿತು ಎಂಬುದೊಂದೇ. ಮನೆಗೆ ಬಂದು ಅದನ್ನು ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಅಪ್ಪನ ಮುಖ ನೋಡಿ ಪುಸ್ತಕ ಬಿಡಿಸಿ ಕೂರುತ್ತಿದ್ದೆ.

ಮೊದಲ ಪಿಯುಸಿಯ ಫಲಿತಾಂಶವನ್ನು ಕಾಲೇಜಿನ ನೋಟಿಸ್ ಬೋರ್ಡಿಗೆ ಹಚ್ಚುತ್ತಿದ್ದರು. ಪಾಸಾದವರ ನಂಬರ್ ಮಾತ್ರ, ಹೆಸರಿಲ್ಲ. ಅಪ್ಪ ಮಿಲ್ಲಿಗೆ ಹೋಗುವ ಮುಂಚೆ ನನ್ನ ನಂಬರನ್ನು, ಅಭ್ಯಾಸ ಬಲ ನೋಡಿ, ಅಂಗೈ ಮೇಲೆ ಬರೆದುಕೊಂಡ. ಮಧ್ಯಾಹ್ನದ ತನಕ ತೂಕ ಮಾಡಿ, ಆ ಬೇಸಿಗೆಯ ಬೆವರಿನಲ್ಲಿ ಕಾಲೇಜಿಗೆ ಹೋಗಿ, ಗದ್ದಲದಲ್ಲಿ ನುಗ್ಗಿ ಅಂಗೈಯನ್ನೂ ಬೋರ್ಡನ್ನೂ ನೋಡಿದ್ದಾನೆ. ಅಂಗೈಯ ನಂಬರಿನ ಕೊನೆಯ ಅಂಕಿ ಮೂರು, ಬೆವರಿಗೆ ಹರಡಿ ಎಂಟಾಗಿತ್ತು. ಆ ಎಂಟಿನ ನಂಬರು ಪಾಸಾಗಿತ್ತು.

ಆ ಕಾಲದಲ್ಲಿ ಮೊದಲ ಪಿಯುಸಿಗೆ ಯಾರಾದರೂ ಪೇಡೆ ಹಂಚುತ್ತಿದ್ದರೆ? ನಮ್ಮಪ್ಪ ಹಂಚಿದ. ಗಂಗಾವತಿಯಿಂದ ದೊಡ್ಡ ಡಬ್ಬಿ ತಂದು, ಕೈಕಾಲು ಕೂಡ ತೊಳೆಯದೆ, ತೌಡು ಮೆತ್ತಿದ ಅಂಗಿಯಲ್ಲೇ ಓಣಿಯ ಈ ತುದಿಯಿಂದ ಆ ತುದಿಯ ತನಕ ಮನೆಮನೆಗೆ ಹೋದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಪಾಸಾಗುವಂಥದ್ದೇನೂ ಬರೆದಿಲ್ಲ ಎಂದು ಗೊತ್ತಿತ್ತು, ಆದರೂ ಬೋರ್ಡೇ ಹೇಳಿದ ಮೇಲೆ ನನ್ನದೇನು ಎಂದು ಖುಷಿಯೂ ಆಗಿತ್ತು. ಮರುದಿನ ಕಾಲೇಜಿಗೆ ಹೋದಾಗ ಗುಮಾಸ್ತರು ಅಂಕಪಟ್ಟಿ ಕೈಗಿಟ್ಟರು. ಗಣಿತದ ಎದುರು ಕೆಂಪು ಗೆರೆ. ಬಸ್ಸಿನಲ್ಲಿ ಕೂತು ಬರುವಾಗ ಊರು ಬಾರದೇ ಇರಲಿ, ಬಸ್ಸು ಹೀಗೇ ಎತ್ತಲೋ ಹೋಗಿಬಿಡಲಿ ಅನಿಸಿತು.

ನಮ್ಮ ಓಣಿಯ ಜನ ಕೆಟ್ಟವರಲ್ಲ. ಆದರೆ ನಗುವ ಅವಕಾಶ ಬಿಟ್ಟುಕೊಡುವವರೂ ಅಲ್ಲ. ನೀರಿಗೆ ಹೋದರೆ ನಲ್ಲಿಯ ಹತ್ತಿರ ಒಬ್ಬಳು, "ಏನವಾ, ನಿಮ್ಮ ಪೇಡೆ ಭಾಳ ಛಲೋ ಇದ್ವು ನೋಡು" ಅನ್ನುವಳು. ಇನ್ನೊಬ್ಬಳು, "ಮತ್ತ ಯಾವಾಗ ಕೊಡ್ತೀರವಾ?" ಅನ್ನುವಳು. ಎಲ್ಲರೂ ಕೊಡ ಅಲ್ಲಾಡುವ ಹಾಗೆ ನಗುವರು. ಭೂಮಿ ಬಾಯಿ ಬಿಡಬಾರದೆ ಅನಿಸುತ್ತಿತ್ತು. ನಾನು ನೀರಿಗೆ ಹೋಗುವುದನ್ನೇ ಬಿಟ್ಟೆ. ನನಗಿಂತ ಅಪ್ಪನ ಪಾಡು ನೋಡಲಾಗುತ್ತಿರಲಿಲ್ಲ. ಚಹಾದಂಗಡಿಯ ದಾರಿ ಬಿಟ್ಟು, ಗದ್ದೆಯ ಬದುವಿನ ಮೇಲೆ ಸುತ್ತುಹಾಕಿ ಬಸ್ಸಿಗೆ ಹೋಗತೊಡಗಿದ. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಚ್ಚಲಲ್ಲಿ ಎಡಗೈಯನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ ಸದ್ದು ಮಾತ್ರ ಕೇಳುತ್ತಿತ್ತು...

ಆಗ ಬಂದವರು ಅಕ್ಕೋರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಅನ್ನುತ್ತಾರೆ. ಊರಿನ ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು ಇವರೇ. ನಾನು ಹತ್ತನೇ ತರಗತಿ ಮುಗಿಸಿದ ವರ್ಷವೇ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಓಣಿಯ ಕೊನೆಯ ಮನೆಯಲ್ಲಿ ಅಣ್ಣನ ಮಗನ ಸಂಸಾರದ ಜೊತೆ ಇರುತ್ತಿದ್ದರು. ಗಿಡ್ಡನೆಯ ಮೈಕಟ್ಟು, ದೊಡ್ಡ ದನಿ. ಸೀಮೆಸುಣ್ಣ ಕೈಯಲ್ಲಿ ಇಲ್ಲದಾಗಲೂ ಹೆಬ್ಬೆರಳು ತೋರುಬೆರಳು ಉಜ್ಜುತ್ತಲೇ ಇರುತ್ತಿದ್ದರು. ನನಗೆ ಅವರೆಂದರೆ ಪ್ರಾಣಭಯ.

ಬಂದವರು ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೇ ನಿಂತು, ಓಣಿಗೆಲ್ಲ ಕೇಳುವ ಹಾಗೆ ಅಂದರು: "ಲೇ ಹುಡುಗಿ, ಹೊರಗ ಬಾ ಇಲ್ಲೆ. ನಿಮ್ಮಪ್ಪ ಕೊಟ್ಟ ಪೇಡೆ ನಾ ತಿಂದೀನಿ. ತಿಂದದ್ದನ್ನ ಹೊಳ್ಳಿ ಕೊಡಾಕ ಬರ್ತೈತೇನು? ಪಾಸಿನ ಪೇಡೆ ಅಂತ ತಿಂದೀನಿ, ಪಾಸಿನ ಪೇಡೇನಾ ಆಗಬೇಕದು. ಸಪ್ಲಿಮೆಂಟರಿ ಕಟ್ಟು. ನಾಳೆ ಮುಂಜಾನಿಂದ ನಮ್ಮ ಮನಿಗೆ ಬಾ."

ಅವ್ವ ಒಳಗಿನಿಂದ ಓಡಿ ಬಂದು, "ಚಹಾ ಕುಡದು ಹೋಗ್ರಿ ಅಕ್ಕೋರ" ಅಂದಳು. "ಒಲ್ಲೆವಾ" ಎಂದು ಹೊರಟೇಹೋದರು. ಫೇಲಾದವರ ಮನೆಯ ಚಹಾ ಯಾರಿಗೆ ಬೇಕು ಎಂದು ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮರುದಿನ ಮುಖದ ಮೇಲೆ ದುಪಟ್ಟಾ ಎಳೆದುಕೊಂಡು, ಗೋಡೆಗೆ ಅಂಟಿಕೊಂಡೇ ಓಣಿ ದಾಟಿದೆ. ಅಕ್ಕೋರು ಅಂಗಳದಲ್ಲಿ ಬೇವಿನ ನೆರಳಿಗೆ ಚಾಪೆ ಹಾಸಿಕೊಂಡು ಕೂತಿದ್ದರು. ಪ್ರಶ್ನೆಪತ್ರಿಕೆ ಕೇಳಿದರು. ಕಣ್ಣು ಓಡಿಸಿ ಒಂದು ಕಡೆ ಬೆರಳಿಟ್ಟರು. ಎಕ್ಸ್‌ನ ವರ್ಗಕ್ಕೆ ನಾಲ್ಕು ಕೂಡಿಸಿದರೆ ಸೊನ್ನೆ, ಹಾಗಾದರೆ ಎಕ್ಸ್ ಎಷ್ಟು ಎಂಬ ಲೆಕ್ಕ.

"ಇದಕ್ಕ ಏನ್ ಬರದಿ?"

"ಉತ್ತರ ಇಲ್ಲ ಅಂತ ಬರದೇನ್ರಿ."

"ಇದಕ್ಕ? ಮೈನಸ್ ಇಪ್ಪತ್ತೈದರ ವರ್ಗಮೂಲಕ್ಕ?"

"ಅದಕ್ಕೂ ಇಲ್ಲಂತನಾ ಬರದೇನ್ರಿ."

"ಎಲ್ಲಾದಕ್ಕೂ ಇಲ್ಲ ಇಲ್ಲ ಅಂತ ಬರದ್ರ ಅವರೇನ್ ಮಾರ್ಕ್ಸ್ ಕೊಡ್ತಾರ, ಇಲ್ಲ ಅಂತ ಕೊಡ್ತಾರ! ಯಾರ್ ಹೇಳ್ಯಾರ ನಿನಗ, ಮೈನಸ್ ಸಂಖ್ಯಾಕ್ಕ ವರ್ಗಮೂಲ ಇಲ್ಲಂತ?"

ನಾನು ಚಾಪೆಯ ಎಳೆ ಕೀಳುತ್ತಾ ಕೂತೆ. ಹೇಳಲೋ ಬೇಡವೋ. ಕೊನೆಗೆ ಗಂಟಲಲ್ಲೇ ಅಂದೆ: "ನೀವಾ ಹೇಳಿದ್ರಿ ಅಕ್ಕೋರ. ಒಂಬತ್ತನೇ ಕ್ಲಾಸಿನ್ಯಾಗ."

ಹೇಳಿದ್ದರು. ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಯಾವುದೇ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೂ ಉತ್ತರ ಮೈನಸ್ ಬರುವುದಿಲ್ಲ. ಎರಡೆರಡಲೆ ನಾಲ್ಕು, ಮೈನಸ್ ಎರಡನ್ನು ಮೈನಸ್ ಎರಡರಿಂದ ಗುಣಿಸಿದರೂ ನಾಲ್ಕೇ. ಹಾಗಿದ್ದ ಮೇಲೆ ಮೈನಸ್ ನಾಲ್ಕಕ್ಕೆ ವರ್ಗಮೂಲ ಎಲ್ಲಿಂದ ಬರಬೇಕು? "ಇಲ್ಲ. ಬರಕೋರಿ" ಎಂದು ಹಲಗೆಗೆ ಅಂಗೈಯಿಂದ ಬಡಿದು ಹೇಳಿದ್ದರು. ಬಡಿತಕ್ಕೆ ಸುಣ್ಣದ ಪುಡಿ ಹಾರಿತ್ತು. ಅವರು ಹೇಳಿದ್ದನ್ನು ದೇವರ ಮಾತಿನಂತೆ ಇಟ್ಟುಕೊಂಡಿದ್ದೆ. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಇನ್ನೇನೋ ಹೇಳಿದ್ದು ತಿಳಿದಿರಲಿಲ್ಲ. ಪರೀಕ್ಷೆಯಲ್ಲಿ ಆ ಲೆಕ್ಕಗಳನ್ನು ಕಂಡಾಗ, ನನಗೆ ಗೊತ್ತಿರುವುದು ಬಂತಲ್ಲ ಎಂದು ಹಿಗ್ಗಿ ಹಿಗ್ಗಿ "ಇಲ್ಲ" ಎಂದು ಬರೆದಿದ್ದೆ.

ಅಕ್ಕೋರು ಬೆರಳು ಉಜ್ಜುವುದನ್ನು ನಿಲ್ಲಿಸಿದರು. ಅವರ ಮುಖ ಕೆಂಪಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹೌದು" ಅಂದರು ಆಮೇಲೆ. "ನಾನಾ ಹೇಳಿದ್ದೆ. ನಿಮ್ಮ ಈಗಿನ ಪಾಠದಾಗ ಇಲ್ಲ, ಮುಂದ ಬರ್ತೈತಿ ಅಂತ ಹೇಳಬೇಕಿತ್ತು. ಬರೇ ಇಲ್ಲ ಅಂದೆ. ಎಷ್ಟ್ ವರ್ಷ, ಎಷ್ಟ್ ಹುಡುಗ್ರಿಗೆ ಹಂಗಾ ಅಂದೀನೋ... ನಾಚಗಿ ನನಗ ಆಗಬೇಕವಾ. ನೀ ಯಾಕ ಮುಖ ಮುಚ್ಚಿಗೊಂಡು ಬರ್ತಿ?"

ನನಗೆ ಅಲ್ಲಿಂದ ಎದ್ದು ಓಡಬೇಕೆನಿಸಿತು. ಗುರುಗಳು ತಲೆ ತಗ್ಗಿಸಿದ್ದನ್ನು ಎದುರಿಗೆ ಕೂತು ನೋಡುವುದಿದೆಯಲ್ಲ, ಫೇಲಾದದ್ದಕ್ಕಿಂತ ಅದು ಕಷ್ಟ.

ಸೆರಗಿನಿಂದ ಮುಖ ಒರೆಸಿಕೊಂಡು ಅವರು ಶುರು ಮಾಡಿದರು. "ಕೇಳೀಗ. ಮೈನಸ್ ಒಂದಕ್ಕ ವರ್ಗಮೂಲ ಐತಿ ಅಂತ ಇಟ್ಕೊ. ಅದಕ್ಕ ಐ ಅಂತ ಕರಿ. ಇಟ್ಕೊಂಡು ಲೆಕ್ಕ ಮುಂದ ನಡಸು."

"ಇಲ್ಲದ್ದನ್ನ ಹೆಂಗ ಇಟ್ಕೊಳ್ಳೂದ್ರಿ?"

"ನಾ ನಿನ್ನ ಪಾಸಿನ ಪೇಡೆ ತಿಂದೀನಿಲ್ಲ? ಪಾಸ್ ಐತೇನು? ಇಲ್ಲ. ಆದ್ರ ಐತಿ ಅಂತ ಇಟ್ಕೊಂಡಾ ಈ ಬಿಸಲಾಗ ನಿನ್ನ ಮುಂದ ಕುಂತೀನಿಲ್ಲ? ಹಂಗಾ ಇದು. ನಡಬರಕ ಇಲ್ಲದ್ದು ಬಂದ್ರೂ ಅಂಜಬ್ಯಾಡ. ಎರಡು ಐ ಕೂಡಿ ಗುಣಾಕಾರ ಆದ್ವಂದ್ರ ಮೈನಸ್ ಒಂದಾಗಿ ಹೊರಗ ಬರ್ತಾವ. ಕಡೀಕ ಉತ್ತರ ಖರೇದ್ದಾ ಬರ್ತೈತಿ."

ಮೈನಸ್ ಇಪ್ಪತ್ತೈದು ಅಂದರೆ ಇಪ್ಪತ್ತೈದು ಗುಣಿಸು ಮೈನಸ್ ಒಂದು. ಇಪ್ಪತ್ತೈದರ ವರ್ಗಮೂಲ ಐದು, ಮೈನಸ್ ಒಂದರದ್ದು ಐ. ಹಾಗಾಗಿ ಐದು ಐ. ಇಷ್ಟೇ! ಇಷ್ಟಕ್ಕೆ ನಮ್ಮಪ್ಪ ಬದುವಿನ ಮೇಲೆ ಸುತ್ತುಹಾಕುತ್ತಿದ್ದನೆ ಎಂದು ಅಳು ಬಂತು.

ಇನ್ನೊಂದು ಕಡೆ ನಾನು ಮತ್ತೆ ಮತ್ತೆ ಎಡವುತ್ತಿದ್ದೆ. ಮೈನಸ್ ನಾಲ್ಕರ ವರ್ಗಮೂಲವನ್ನು ಮೈನಸ್ ಒಂಬತ್ತರ ವರ್ಗಮೂಲದಿಂದ ಗುಣಿಸು ಅಂದರೆ, ವರ್ಗಮೂಲದ ಚಿಹ್ನೆಯ ಒಳಗೇ ಎರಡನ್ನೂ ಗುಣಿಸಿ, ಮೂವತ್ತಾರರ ವರ್ಗಮೂಲ ಆರು ಎಂದು ಬರೆದುಬಿಡುತ್ತಿದ್ದೆ. ಅಕ್ಕೋರು ಹಣೆ ಬಡಿದುಕೊಂಡರು. "ಮನಿ ಒಳಗ ಬರಬೇಕಾದ್ರ ಚಪ್ಲಿ ಎಲ್ಲಿ ಬಿಡ್ತಿ? ಹೊರಗ ಹೌದಿಲ್ಲೋ? ಹಂಗಾ ಮೊದಲ ಇಬ್ಬರದೂ ಐ ಹೊರಗ ತಗಸು. ಎರಡು ಐ, ಮೂರು ಐ. ಆಮ್ಯಾಲೆ ಗುಣಸು. ಎಷ್ಟ್ ಬಂತು?"

ಆರು ಐ ಐ. ಐ ಐ ಅಂದರೆ ಮೈನಸ್ ಒಂದು. "ಮೈನಸ್ ಆರ್ರಿ!"

"ಹೂಂ. ಚಪ್ಲಿ ಹಾಕ್ಕೊಂಡು ಒಳಗ ಬಂದ್ರ ಪ್ಲಸ್ ಆರು, ಹೊರಗ ಬಿಟ್ಟು ಬಂದ್ರ ಮೈನಸ್ ಆರು. ಯಾವುದ್ ಬೇಕು ನೋಡ್ಕೊ."

ಹೀಗೆ ಬೇಸಿಗೆ ಕಳೆಯಿತು. ಅವ್ವ ಒಮ್ಮೆ ಬೆಲ್ಲದ ಗೋಧಿ ಹುಗ್ಗಿ ಮಾಡಿ ಬಟ್ಟಲಲ್ಲಿ ಕಳಿಸಿದಳು. "ಆಮ್ಯಾಲೆ ತಿಂತೀನಿಡು" ಎಂದು ಪಕ್ಕಕ್ಕಿಟ್ಟರು. ನನ್ನೆದುರು ಅವರು ಏನನ್ನೂ ತಿಂದದ್ದು ನೆನಪಿಲ್ಲ. ಮನೆಗೆ ಹೋಗಿ ಅವ್ವನಿಗೆ, ತಿಂದರು, ಭಾಳ ಛಲೋ ಆಗೇತಿ ಅಂದರು ಎಂದೆ. ನಮ್ಮಿಬ್ಬರಿಗೂ ಅಷ್ಟು ಬೇಕಾಗಿತ್ತು.

ಪರೀಕ್ಷೆಯ ದಿನ ಕೋಣೆಯ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಟ್ಟು ಹೋಗಿದ್ದರು. ಆ ಸಾಲು ನೋಡಿ ನನಗೆ ನಗು ಬಂತು, ಮೇಲ್ವಿಚಾರಕರು ಕಣ್ಣು ಬಿಟ್ಟರು. ಒಳಗೆ ಪ್ರಶ್ನೆಪತ್ರಿಕೆಯಲ್ಲಿ ಅಂಥದೇ ಗುಣಾಕಾರ ಬಂದಿತ್ತು. ಐ ಹೊರಗೆ ತೆಗೆದೆ, ಆಮೇಲೆ ಗುಣಿಸಿದೆ.

ಈ ಸಲ ಅಪ್ಪ ಅಂಗೈ ಮೇಲೆ ಬರೆದುಕೊಳ್ಳಲಿಲ್ಲ. ಹಾಲ್ ಟಿಕೆಟ್ಟನ್ನೇ ತೆಗೆದುಕೊಂಡು ಹೋಗಿ, ಬೋರ್ಡಿಗೆ ಒತ್ತಿ ಹಿಡಿದು ಅಂಕಿಗೆ ಅಂಕಿ ತಾಳೆ ನೋಡಿ, ನಂಬಿಕೆ ಬಾರದೆ ಗುಮಾಸ್ತರನ್ನೂ ಕೇಳಿ ಬಂದ. ಪಾಸಾಗಿದ್ದೆ, ಅಂಚಿನಲ್ಲಿ. ಪೇಡೆ ತಂದಿದ್ದ, ಆದರೆ ಸಣ್ಣ ಡಬ್ಬಿ. ಓಣಿಗೆ ಹಂಚಲಿಲ್ಲ. ಹಂಚುವ ಧೈರ್ಯ ಅವನಲ್ಲಿ ಉಳಿದಿರಲಿಲ್ಲ. "ಅಕ್ಕೋರಿಗೆ ಕೊಟ್ಟು ಕಾಲಿಗೆ ಬಿದ್ದು ಬಾ" ಅಂದ.

ಹೋದೆ. ಅಕ್ಕೋರು ಅಂಕಪಟ್ಟಿ ನೋಡಿ ತಲೆಯಾಡಿಸಿದರು. ಡಬ್ಬಿ ಮುಂದೆ ಹಿಡಿದರೆ ಕೈ ಅಡ್ಡ ಮಾಡಿದರು.

"ನನ್ನ ಪಾಲಿಂದು ನಾ ಆವಾಗಾ ತಿಂದೀನಲ್ಲ. ಒಂದ್ ಪಾಸಿಗೆ ಎಷ್ಟ್ ಸಲ ತಿನ್ನೂದು? ತಗೊಂಡ್ ಹೋಗು, ನಿಮ್ಮಪ್ಪಗ ತಿನಸು. ಅಂವ ತಿಂದಿಲ್ಲ."

ನಿಜ, ಅಪ್ಪ ತಿಂದಿರಲಿಲ್ಲ, ಮೊದಲ ಸಲವೂ ಹಂಚುವ ಗಡಿಬಿಡಿಯಲ್ಲಿ ತನಗೊಂದು ಇಟ್ಟುಕೊಂಡಿರಲಿಲ್ಲ. ಆದರೆ ನನಗೆ ಆಗ ಅದೆಲ್ಲ ಹೊಳೆಯಲಿಲ್ಲ. ಅಂಚಿನಲ್ಲಿ ಪಾಸಾದವಳ ಪೇಡೆ ಅವರಿಗೆ ಬೇಡವಾಯಿತು ಎಂದೇ ತಿಳಿದೆ. ಕಿವಿ ಬಿಸಿಯಾಯಿತು. ಡಬ್ಬಿಯನ್ನು ದುಪಟ್ಟಾದ ಕೆಳಗೆ ಮುಚ್ಚಿಕೊಂಡು ಬಂದೆ. ಮನೆಯಲ್ಲಿ ಅಪ್ಪನ ಬಾಯಿಗೆ ಒಂದು ಇಟ್ಟೆ. ಅವನು ಅಗಿಯಲೂ ಇಲ್ಲ, ನುಂಗಲೂ ಇಲ್ಲ, ಬಾಯಲ್ಲಿ ಇಟ್ಟುಕೊಂಡು ಅತ್ತ.

ಆಮೇಲೆ ನಾನು ಎರಡನೇ ಪಿಯುಸಿ, ಇಂಜಿನಿಯರಿಂಗ್ ಎಲ್ಲ ದಾಟಿ ಈ ಕಾರ್ಖಾನೆಗೆ ಬಂದೆ. ಇಲ್ಲಿ ದಿನವೂ ಕರೆಂಟಿನ ಲೆಕ್ಕದಲ್ಲಿ ಆ ಐ ಬರುತ್ತದೆ. ನಮ್ಮ ವಿದ್ಯುತ್ ವಿಭಾಗದವರು ಅದನ್ನು ಜೆ ಅನ್ನುತ್ತಾರೆ, ಹೆಸರು ಬೇರೆ, ಆಸಾಮಿ ಅದೇ. ಇಲ್ಲದ ಸಂಖ್ಯೆಯನ್ನು ಇಟ್ಟುಕೊಂಡು ಲೆಕ್ಕ ಮಾಡಿದರೆ ದೊಡ್ಡ ದೊಡ್ಡ ಮೋಟಾರುಗಳು ನಿಜವಾಗಿ ತಿರುಗುತ್ತವೆ. ಪ್ರತಿ ಸಲವೂ ಬೇವಿನ ನೆರಳು ನೆನಪಾಗುತ್ತಿತ್ತು. ಊರಿಗೆ ಹೋದಾಗ ಅವರನ್ನು ಕಂಡು ಬರಬೇಕು ಅಂದುಕೊಳ್ಳುತ್ತಿದ್ದೆ. ಕೆಲವು ಸಲ ಹೋದೆ, ಕೆಲವು ಸಲ ಶಿಫ್ಟಿನ ನೆಪ... ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದುಹೋಗಿತ್ತು.

ಅವರ ಮನೆಯವರನ್ನು ಮಾತಾಡಿಸಲು ಹೋದಾಗ ಅಣ್ಣನ ಮಗನ ಹೆಂಡತಿ ಚಾಪೆ ಹಾಸಿದರು. ಅದೇ ಅಂಗಳ, ಬೇವು ಇರಲಿಲ್ಲ. ನಾನು ಪೇಡೆಯ ಕತೆ ಎತ್ತಿದೆ. ನನ್ನ ಪಾಸಿನ ಪೇಡೆ ತಿಂದೀನಿ ಅಂತ ಹೊಸ್ತಿಲಿಗೆ ಬಂದು ಜಗಳ ಮಾಡಿದ್ದರು ನೋಡ್ರಿ ಎಂದು ನಗುತ್ತಾ ಹೇಳಿದೆ. ಆಕೆ ನಗಲಿಲ್ಲ.

"ಪೇಡೆ? ನಮ್ಮ ಅತ್ತೀನಾ? ಇಲ್ಲ ಬಿಡ್ರಿ. ಅವರಿಗೆ ಸಕ್ಕರಿ ಕಾಯಿಲಿ ಇತ್ತಲ್ರಿ. ನಾ ಈ ಮನಿಗೆ ಸೊಸಿಯಾಗಿ ನಡಿಯಾಕ ಬರೂಕಿಂತ ಮೊದಲಿಂದನೂ ಇತ್ತು. ಹಬ್ಬದಾಗ ಹೋಳಿಗಿ ಸೈತ ಮುಟ್ತಿದ್ದಿಲ್ಲ. ಯಾರರ ಸಿಹಿ ಕೊಟ್ರ ಸೆರಗಿಗೆ ಗಂಟ್ ಹಾಕ್ಕೊಂಡು ಬಂದು ನಮ್ಮ ಹುಡುಗ್ರಿಗೆ ಕೊಡ್ತಿದ್ರು. ಮಂದಿಗೆ ಮಾತ್ರ ಹೇಳಗೊಡ್ತಿದ್ದಿಲ್ರಿ."

ನಾನು ಚಾಪೆಯ ಎಳೆ ಕೀಳುತ್ತಾ ಕೂತೆ. ಅವ್ವನ ಚಹಾ ಒಲ್ಲೆ ಅಂದದ್ದು, ಹುಗ್ಗಿಯ ಬಟ್ಟಲು ಪಕ್ಕಕ್ಕಿಟ್ಟದ್ದು, ನನ್ನ ಡಬ್ಬಿಗೆ ಕೈ ಅಡ್ಡ ಮಾಡಿದ್ದು... ಎಲ್ಲಕ್ಕೂ ನಾವು ಏನೇನು ಅರ್ಥ ಹಚ್ಚಿದ್ದೆವು! ಅವರು ನಮ್ಮ ಪೇಡೆ ತಿಂದೇ ಇರಲಿಲ್ಲ. ತಿಂದೀನಿ ಅಂತ ಇಟ್ಟುಕೊಂಡಿದ್ದರು. ಇಟ್ಟುಕೊಂಡು ಒಂದು ಇಡೀ ಬೇಸಿಗೆ ಲೆಕ್ಕ ನಡೆಸಿದ್ದರು. ಮೈನಸ್ಸಿನಲ್ಲಿ ಬಿದ್ದಿದ್ದ ಒಂದು ಮನೆಯನ್ನು ಹಾಗೆ ಹೊರಗೆ ತೆಗೆದಿದ್ದರು. ಇದನ್ನು ತಿಳಿದುಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು, ಅದೂ ಹೇಳಲು ಅವರೇ ಇಲ್ಲದ ಹೊತ್ತಿಗೆ. ಹೇಳಿಕೊಟ್ಟದ್ದೆಲ್ಲ ನನಗೆ ತಿಳಿದಿದೆ ಎಂಬ ಸೊಕ್ಕಿನಲ್ಲೇ ಇದ್ದೆನಲ್ಲ ಎಂದು ನಾಚಿಕೆಯಾಯಿತು. ಆಕೆ ಕೊಟ್ಟ ಚಹಾ ಸಿಹಿಯಾಗಿತ್ತು, ಅರ್ಧಕ್ಕೇ ಕೆಳಗಿಟ್ಟೆ.

ಮೊನ್ನೆಯ ಪೇಡೆ ಸಂಜೆಯ ತನಕ ಮೇಜಿನ ಮೇಲೇ ಇತ್ತು. ಶಿಫ್ಟ್ ಮುಗಿಸಿ ಹೊರಡುವಾಗ ಆ ಸಹೋದ್ಯೋಗಿ ಕಾಗದದ ಗಂಟನ್ನು ನೋಡಿ ಮುಖ ಸಣ್ಣದು ಮಾಡಿಕೊಂಡು, "ತಿನ್ನಲೇ ಇಲ್ಲಲ್ರಿ ಮೇಡಂ" ಅಂದರು. ಥೇಟ್ ನಮ್ಮಪ್ಪನ ಮುಖ.

ನಾನು ಅದನ್ನು ಅಲ್ಲೇ ಬಿಚ್ಚಿ ಬಾಯಿಗೆ ಹಾಕಿಕೊಂಡೆ. ಅಕ್ಕೋರ ಪಾಲಿನದು, ಅವರು ತಿನ್ನದೇ ಉಳಿಸಿದ್ದು ಎಂದುಕೊಂಡೆ.

"ಭಾಳ ಛಲೋ ಐತ್ರಿ" ಎಂದೆ. ಆದರೆ ಬಾಯಲ್ಲಿ ಅದು ಪೂರ್ತಿ ಕರಗುವ ತನಕ ನನಗೆ ತಲೆ ಎತ್ತಲಾಗಲಿಲ್ಲ.